ಎರಡು ಕುರ್ಚಿ ಸಾಲದು ಎಂದ ಫ್ಯಾನಿ ಲೂ ಹೇಮರ್

ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆ ಬಂದಾಗಲೆಲ್ಲ ನಾವಿಲ್ಲಿ ಪ್ರೈಮರಿಗಳ ಲೆಕ್ಕ ಹಾಕ್ತಾ ಕೂರ್ತೀವಿ. ಪಕ್ಷದ ಅಭ್ಯರ್ಥಿಯನ್ನು ಜನರೇ ಆರಿಸೋದು ಅಲ್ಲಿ ಮೊದಲಿಂದಲೂ ಇದ್ದ ಪದ್ಧತಿ ಅಂದ್ಕೊಂಡಿರ್ತೀವಿ. ಹಾಗೇನಿಲ್ಲ. 1960ರ ದಶಕದಲ್ಲೂ ಬಹುಪಾಲು ರಾಜ್ಯಗಳಲ್ಲಿ ಮುಖಂಡರ ಹಿಡಿತದಲ್ಲಿದ್ದ ಸಭೆಗಳೇ ಪ್ರತಿನಿಧಿಗಳನ್ನು ಆರಿಸಿ ಪಕ್ಷದ ರಾಷ್ಟ್ರೀಯ ಸಮಾವೇಶಕ್ಕೆ ಕಳಿಸುತ್ತಿದ್ದವು. ಟಿಕೆಟ್ ಯಾರಿಗೆ ಅನ್ನೋದು ತೀರ್ಮಾನವಾಗುತ್ತಿದ್ದದ್ದು ಅಲ್ಲಿ. ಇದು ಹೇಗೆ ಬದಲಾಯ್ತು ಅಂತ ಯಾರಾದರೂ ಕೇಳಿದರೆ, ಆಯೋಗಗಳ ಹೆಸರಿಗಿಂತ ಮೊದಲು ನಾನು ಫ್ಯಾನಿ ಲೂ ಹೇಮರ್ ಹೆಸರು ಹೇಳ್ತೀನಿ.

ಹೇಮರ್ ಹುಟ್ಟಿದ್ದು 1917ರಲ್ಲಿ, ಮಿಸಿಸಿಪಿ ರಾಜ್ಯದಲ್ಲಿ. ಪಾಲಿಗೆ ದುಡಿಯುವ ಬಡ ಕುಟುಂಬದ 20 ಮಕ್ಕಳಲ್ಲಿ ಕೊನೆಯವರು. ಆರನೇ ವಯಸ್ಸಿಗೇ ಹತ್ತಿ ಬಿಡಿಸಲು ಹೊಲಕ್ಕಿಳಿದರು. ಕಪ್ಪು ಜನರೂ ಮತ ಹಾಕಬಹುದು ಅನ್ನೋದು ಗೊತ್ತಾಗಿದ್ದು 44ರ ವಯಸ್ಸಲ್ಲಿ. 1962ರ ಆಗಸ್ಟ್‌ನಲ್ಲಿ ಹೆಸರು ನೋಂದಾಯಿಸಲು ಇಂಡಿಯನೋಲಾ ಪಟ್ಟಣಕ್ಕೆ ಹೋದರು. ರಾಜ್ಯ ಸಂವಿಧಾನದ ಒಂದು ವಿಧಿ ವಿವರಿಸಿ ಅಂತ ಪರೀಕ್ಷೆ ಕೊಟ್ಟು ಫೇಲ್ ಮಾಡಿದರು. ಅರ್ಜಿ ವಾಪಸ್ ಪಡೆಯಲು ಒಪ್ಪದ್ದಕ್ಕೆ, 18 ವರ್ಷ ದುಡಿದ ಜಮೀನಿನಿಂದ ಅದೇ ರಾತ್ರಿ ಹೊರಬೀಳಬೇಕಾಯ್ತು. ಮರುವರ್ಷ ವಿನೋನಾದ ಜೈಲಲ್ಲಿ ಪೊಲೀಸರು ಕೈದಿಗಳಿಂದಲೇ ಹೊಡೆಸಿದರು. ಮೂತ್ರಪಿಂಡಕ್ಕಾದ ಹಾನಿ ಕಡೆಯವರೆಗೂ ಉಳಿಯಿತು.

ಮಿಸಿಸಿಪಿಯ ಡೆಮಾಕ್ರಟಿಕ್ ಪಕ್ಷದಲ್ಲಿ ಕಪ್ಪು ಜನರಿಗೆ ಜಾಗವೇ ಇರಲಿಲ್ಲ. ಹಾಗಾಗಿ 1964ರಲ್ಲಿ ಹೇಮರ್ ಮತ್ತು ಸಂಗಾತಿಗಳು ಫ್ರೀಡಂ ಡೆಮಾಕ್ರಟಿಕ್ ಪಾರ್ಟಿ ಕಟ್ಟಿ, ತಮ್ಮದೇ 68 ಪ್ರತಿನಿಧಿಗಳೊಂದಿಗೆ ಅಟ್ಲಾಂಟಿಕ್ ಸಿಟಿಯ ಸಮಾವೇಶಕ್ಕೆ ಹೋದರು. ಬಿಳಿಯರಷ್ಟೇ ಇರುವ ತಂಡ ಮಿಸಿಸಿಪಿಯನ್ನು ಪ್ರತಿನಿಧಿಸೋದು ಹೇಗೆ ಅನ್ನೋದು ಅವರ ಪ್ರಶ್ನೆ. ಸಮಿತಿ ಮುಂದೆ ಹೇಮರ್ ಜೈಲಿನ ಕಥೆ ಹೇಳುತ್ತಿರುವಾಗಲೇ ಅಧ್ಯಕ್ಷ ಲಿಂಡನ್ ಜಾನ್ಸನ್ ದಿಢೀರ್ ಪತ್ರಿಕಾಗೋಷ್ಠಿ ಕರೆದು ಟಿವಿ ಕ್ಯಾಮೆರಾಗಳನ್ನು ತಮ್ಮತ್ತ ತಿರುಗಿಸಿಕೊಂಡರು. ಆದರೆ ರಾತ್ರಿ ಚಾನೆಲ್‌ಗಳು ಆ ಸಾಕ್ಷ್ಯ ಪ್ರಸಾರ ಮಾಡಿದವು, ದೇಶವೇ ನೋಡಿತು.

ಕೊನೆಗೆ ಸಿಕ್ಕ ಆಫರ್ ಎರಡು ಕುರ್ಚಿ. ಅದರಲ್ಲಿ ಕೂರೋರು ಯಾರು ಅಂತ ಆರಿಸಿದ್ದೂ ಪಕ್ಷವೇ. ಸಂಧಾನದ ಹೊಣೆ ಹೊತ್ತಿದ್ದವರು ಉಪಾಧ್ಯಕ್ಷ ಸ್ಥಾನದ ಆಕಾಂಕ್ಷಿ ಹ್ಯೂಬರ್ಟ್ ಹಂಫ್ರಿ. ಚಳವಳಿಯ ಕೆಲವು ಹಿರಿಯ ನಾಯಕರೂ ಒಪ್ಪಿಕೊಳ್ಳಿ ಅಂದರು. ಹೇಮರ್ ಒಪ್ಪಲಿಲ್ಲ, ತಂಡವೂ ಒಪ್ಪಲಿಲ್ಲ. ಬರಿಗೈಲಿ ವಾಪಸಾದರು. ಆದರೆ ಮುಂದಿನ ಸಮಾವೇಶಕ್ಕೆ ಜನಾಂಗಭೇದ ಮಾಡುವ ತಂಡಗಳನ್ನು ಸೇರಿಸಲ್ಲ ಅಂತ ಪಕ್ಷ ಮಾತು ಕೊಡಬೇಕಾಯ್ತು.

1968ರ ಶಿಕಾಗೋ ಸಮಾವೇಶದಲ್ಲಿ ಹೇಮರ್ ಅಧಿಕೃತ ಪ್ರತಿನಿಧಿಯಾಗಿ ಕೂತರು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆದರೆ ಅಭ್ಯರ್ಥಿಯಾಗಿದ್ದು ಅದೇ ಹಂಫ್ರಿ, ಅದೂ ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದೆ! ಆ ಸಿಟ್ಟಿನಿಂದ ಹುಟ್ಟಿದ್ದು ಮ್ಯಾಕ್‌ಗವರ್ನ್–ಫ್ರೇಜರ್ ಆಯೋಗ. ಪ್ರತಿನಿಧಿಗಳ ಆಯ್ಕೆ ಬಹಿರಂಗವಾಗಿ ನಡೆಯಬೇಕು, ಅಲ್ಪಸಂಖ್ಯಾತರು, ಮಹಿಳೆಯರು, ಯುವಜನರಿಗೆ ಜಾಗ ಸಿಗಬೇಕು ಅನ್ನೋ ನಿಯಮಗಳು ಬಂದವು. 1972ರಿಂದ ಪ್ರೈಮರಿಗಳೇ ಮುಖ್ಯವಾದವು.

ಹೇಮರ್ 1977ರಲ್ಲಿ ತೀರಿಕೊಂಡರು. ಬದಲಾವಣೆ ಅಲ್ಲಿಗೇ ನಿಲ್ಲಲಿಲ್ಲ. 1984ರಲ್ಲಿ ಸೂಪರ್ ಡೆಲಿಗೇಟ್‌ಗಳ ಹೆಸರಲ್ಲಿ ಮುಖಂಡರು ಮತ್ತೆ ಒಳಬಂದರು. 2018ರಲ್ಲಿ ಮೊದಲ ಸುತ್ತಿನ ಮತದಾನದಲ್ಲಿ ಅವರ ಬಲ ಮೊಟಕಾಯ್ತು. 2024ರಲ್ಲಿ ಕಮಲಾ ಹ್ಯಾರಿಸ್ ಪ್ರೈಮರಿ ಗೆಲ್ಲದೆಯೇ ಅಭ್ಯರ್ಥಿಯಾದರು.

ಮತ ಹಾಕೋ ಹಕ್ಕು ಅರ್ಧ ಮಾತ್ರ ಅಂತ ಹೇಮರ್‌ಗೆ ಗೊತ್ತಿತ್ತು. ಯಾರಿಗೆ ಮತ ಹಾಕಬೇಕು ಅನ್ನೋ ಪಟ್ಟಿ ತಯಾರಾಗುವ ಕೋಣೆಯಲ್ಲಿ ಯಾರಿದ್ದಾರೆ ಅನ್ನೋದು ಉಳಿದರ್ಧ. ಯುವಕರಿಗೆ ಪಕ್ಷಗಳು ಇವತ್ತು ಒಂದೆರಡು ಸೀಟು ತೋರಿಸಿದಾಗ ನಾವು ಕೇಳಬೇಕಾದ್ದೂ ಅದನ್ನೇ: ಆ ಸೀಟಲ್ಲಿ ಕೂರೋರನ್ನು ಆರಿಸಿದವರು ಯಾರು?