ಶಾಲೆ ತೆರೆಸಿದ ಡೆಪ್ಯುಟಿ ಚನ್ನಬಸಪ್ಪನವರು

ನಮ್ಮ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರೂ ಹಳೆಯ ವಿದ್ಯಾರ್ಥಿಗಳ ಸಂಘದವರೂ ಮನೆಗೆ ಬಂದು ಕೇಳಿದರು. ನಾನು ಈ ಶಾಲೆಯ ಮೊದಲ ತಂಡದ ವಿದ್ಯಾರ್ಥಿ. ಮುಂದೆ ಶಿಕ್ಷಕನಾಗಿ, ಕೊನೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯಾಗಿ ನಿವೃತ್ತಿ ಹೊಂದಿದವನು. ನನ್ನ ಬಗ್ಗೆ ಬರೆದುಕೊಳ್ಳುವಂಥದ್ದು ಏನೂ ಇಲ್ಲ. ಆದರೆ ನಾನು ಕುಳಿತಿದ್ದ ಕುರ್ಚಿಯಂಥದೇ ಕುರ್ಚಿಯಲ್ಲಿ ನೂರೈವತ್ತು ವರ್ಷಗಳ ಹಿಂದೆ ಕುಳಿತಿದ್ದ ಒಬ್ಬ ಹಿರಿಯರ ಬಗ್ಗೆ ಬರೆಯಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ಅವರು ಡೆಪ್ಯುಟಿ ಚನ್ನಬಸಪ್ಪನವರು.

ಅವರ ಹೆಸರನ್ನು ನಾನು ಮೊದಲು ಕೇಳಿದ್ದು ಇದೇ ಶಾಲೆಯಲ್ಲಿ. ಆಗ ನಮಗೆ ಸ್ವಂತ ಕಟ್ಟಡ ಇರಲಿಲ್ಲ, ಗುಡಿಯ ಪೌಳಿಯಲ್ಲಿ ತರಗತಿ ನಡೆಯುತ್ತಿತ್ತು. ಒಂದು ರಾಜ್ಯೋತ್ಸವದ ದಿನ ನಮ್ಮ ಕನ್ನಡ ಗುರುಗಳು ಆ ಹೆಸರು ಹೇಳಿ, ಇವರು ಯಾರು ಗೊತ್ತೇ ಎಂದು ಕೇಳಿದರು. ಡೆಪ್ಯುಟಿ ಎಂದರೆ ಡೆಪ್ಯುಟಿ ಕಲೆಕ್ಟರ್ ಇರಬೇಕೆಂದು ನಾವೆಲ್ಲ ಕೂಗಿದೆವು. ಗುರುಗಳು ನಕ್ಕು, ಅಲ್ಲಪ್ಪ, ಇವರು ಸಾಲಿಯ ಡೆಪ್ಯುಟಿ ಎಂದರು. ನಮ್ಮ ಕಡೆಯ ಹಳಬರು ಶಾಲಾ ತಪಾಸಣೆಗೆ ಬರುವವರನ್ನು ಡೆಪ್ಯುಟಿ ಸಾಹೇಬರು ಎಂದೇ ಕರೆಯುತ್ತಿದ್ದರು. ಹುದ್ದೆಗಳ ಹೆಸರು ಎಷ್ಟೋ ಬಾರಿ ಬದಲಾದರೂ ಆ ಮಾತು ಬಹಳ ಕಾಲ ಉಳಿಯಿತು. ಎಷ್ಟೋ ಮಂದಿ ಡೆಪ್ಯುಟಿಗಳು ಬಂದು ಹೋದರು, ಆದರೆ ಆ ಪದವಿ ಹೆಸರಿನ ಮುಂದೆಯೇ ಅಂಟಿಕೊಂಡು ಜನರ ಬಾಯಲ್ಲಿ ಉಳಿದದ್ದು ಚನ್ನಬಸಪ್ಪನವರಿಗೆ.

ಅವರು ಹುಟ್ಟಿದ್ದು 1834ರಲ್ಲಿ, ಧಾರವಾಡದಲ್ಲಿ. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು ಈ ಸೀಮೆ ಇಂಗ್ಲಿಷರ ಕೈಗೆ ಹೋಗಿತ್ತು. ದೊರೆಗಳು ಬದಲಾದರೂ ಕಚೇರಿಯ ಭಾಷೆ ಬದಲಾಗಲಿಲ್ಲ. ದಫ್ತರಗಳೆಲ್ಲ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ. ಸರ್ಕಾರ ತೆರೆದ ಶಾಲೆಗಳಲ್ಲಿಯೂ ಹೆಚ್ಚಾಗಿ ಮರಾಠಿಯೇ ನಡೆಯುತ್ತಿತ್ತು. ವಾಲ್ಟರ್ ಎಲಿಯಟ್ ಎಂಬ ಇಂಗ್ಲಿಷ್ ಅಧಿಕಾರಿ 1830ರ ದಶಕದಲ್ಲಿ ಸ್ವಂತ ಖರ್ಚಿನಿಂದ ಧಾರವಾಡದಲ್ಲಿ ಕನ್ನಡ ಶಾಲೆ ನಡೆಸಿದ್ದರೂ ಹಳ್ಳಿಗಳವರೆಗೆ ಆ ಬೆಳಕು ಬಂದಿರಲಿಲ್ಲ. ಹಳ್ಳಿಗಳಲ್ಲಿ ಕನ್ನಡ ಅಕ್ಷರ ಉಳಿದಿದ್ದರೆ ಅದು ಐಗಳ ಮಠಗಳಲ್ಲಿ, ಉಸುಕಿನ ಮೇಲೆ ಬೆರಳಿನಿಂದ ತಿದ್ದಿದ ಅಕ್ಷರವಾಗಿ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕನ್ನಡ ಆಡುವ ಹುಡುಗ ಸರ್ಕಾರಿ ಸಾಲಿಯ ಹೊಸ್ತಿಲು ದಾಟಿದೊಡನೆ ಮೂಕನಾಗಬೇಕಿತ್ತು.

ಚನ್ನಬಸಪ್ಪನವರು ಹೆಚ್ಚಿನ ಓದಿಗೆ ಪುಣೆಗೆ ಹೋದರು. ರೈಲು ಧಾರವಾಡಕ್ಕೆ ಬಂದದ್ದೇ ಅವರು ತೀರಿಕೊಂಡ ಮೇಲೆ. ಅವರು ನಡೆದುಕೊಂಡೇ ಹೋದರೆಂದು ನಮ್ಮ ಕಡೆ ಇಂದಿಗೂ ಹೇಳುತ್ತಾರೆ. ಇಂಗ್ಲಿಷ್ ಕಲಿತರು, ಮರಾಠಿಯಂತೂ ಚೆನ್ನಾಗಿಯೇ ಬರುತ್ತಿತ್ತು. ಆ ಎರಡು ಭಾಷೆ ಬಲ್ಲವನಿಗೆ ಆಗ ಕಚೇರಿಯ ಯಾವ ಬಾಗಿಲಾದರೂ ತೆರೆಯುತ್ತಿತ್ತು. ಅವರು ಊರಿಗೆ ಮರಳಿ ಶಿಕ್ಷಣ ಇಲಾಖೆ ಸೇರಿದರು. ಶಿಕ್ಷಕರನ್ನು ತಯಾರು ಮಾಡುವ ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಾಧ್ಯಾಪಕರಾದರು, ಅಲ್ಲಿಂದ ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರ್ ಆದರು.

ಮುಂಬಯಿ ಇಲಾಖೆಯಲ್ಲಿ ಈ ಹುದ್ದೆ ಹೊಸದು. 1854ರ ವುಡ್‌ರ ಖಲೀತೆಯ ನಂತರ, 1855ರಲ್ಲಿ ಶಿಕ್ಷಣಕ್ಕೆ ಪ್ರತ್ಯೇಕ ಖಾತೆ ಏರ್ಪಟ್ಟಿತು. ಮೇಲೆ ಡೈರೆಕ್ಟರು, ಅವರ ಕೆಳಗೆ ವಿಭಾಗಕ್ಕೊಬ್ಬ ಇನ್‌ಸ್ಪೆಕ್ಟರು, ಅವರ ಕೈಕೆಳಗೆ ಡೆಪ್ಯುಟಿ. ಹಳ್ಳಿಯ ಧೂಳು ತುಳಿಯುವ ಕೆಲಸ ಡೆಪ್ಯುಟಿಯದು. ಶಾಲೆಗಳನ್ನು ನೋಡಬೇಕು, ಮಕ್ಕಳ ಪರೀಕ್ಷೆ ಮಾಡಬೇಕು, ಮಾಸ್ತರರ ಹಾಜರಿ ಮತ್ತು ಲೆಕ್ಕ ತಪಾಸಿಸಬೇಕು, ಹೊಸ ಶಾಲೆ ಎಲ್ಲಿ ಬೇಕೆಂದು ಮೇಲಕ್ಕೆ ಬರೆಯಬೇಕು. ಧಾರವಾಡ, ಬೆಳಗಾವಿ, ಆಗಿನ ಕಲಾದಗಿ ಜಿಲ್ಲೆ ಎಂದರೆ ಎಷ್ಟು ದೊಡ್ಡ ಸೀಮೆ ಎಂಬುದು ಜೀಪಿನಲ್ಲಿ ತಿರುಗಿದ ನನಗೇ ಗೊತ್ತು. ಮಲಪ್ರಭೆ, ಘಟಪ್ರಭೆ, ಕೃಷ್ಣೆಯರು ಮಳೆಗಾಲದಲ್ಲಿ ತುಂಬಿ ಹರಿಯುವಾಗ ಕುದುರೆ, ಚಕ್ಕಡಿ, ಹರಿಗೋಲುಗಳ ಕಾಲದಲ್ಲಿ ಆ ತಿರುಗಾಟ ಹೇಗಿದ್ದೀತು ಎಂಬುದನ್ನು ಓದುಗರೇ ಊಹಿಸಬೇಕು.

ಅವರ ಪುಣ್ಯಕ್ಕೆ ದಕ್ಷಿಣ ವಿಭಾಗದ ಇನ್‌ಸ್ಪೆಕ್ಟರಾಗಿ ರಸೆಲ್ ಸಾಹೇಬರು ಬಂದರು. ಕನ್ನಡದ ಮಕ್ಕಳಿಗೆ ಕನ್ನಡದಲ್ಲಿಯೇ ಕಲಿಸಬೇಕೆಂಬುದು ಅವರಿಗೂ ಒಪ್ಪಿಗೆಯಾಗಿತ್ತು. ಮೇಲಿನವರ ಒಪ್ಪಿಗೆ ಒಂದಿದ್ದರೆ ಸಾಲದು. ಕನ್ನಡ ಶಾಲೆಗೆ ಮೂರು ಬೇಕು: ಮಾಸ್ತರ, ಪುಸ್ತಕ, ಊರವರ ಮನಸ್ಸು. ಮಾಸ್ತರರು ನಾರ್ಮಲ್ ಶಾಲೆಯಿಂದ ಬಂದರು. ಪುಸ್ತಕದ ಕೆಲಸಕ್ಕೆ ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿಯವರಂಥ ವಿದ್ವಾಂಸರು ನಿಂತರು. ಮೂರನೆಯದೇ ಕಷ್ಟ. ಮರಾಠಿ ಕಲಿತವನಿಗೆ ಕಾರಕೂನಿ ಸಿಗುತ್ತದೆ, ಕನ್ನಡ ಕಲಿತವನಿಗೆ ಏನು ಸಿಗುತ್ತದೆ ಎಂಬ ಪ್ರಶ್ನೆ ಊರೂರಲ್ಲಿ ಇತ್ತು. ಅದು ಸುಳ್ಳು ಪ್ರಶ್ನೆಯೂ ಆಗಿರಲಿಲ್ಲ. ಡೆಪ್ಯುಟಿಯವರು ಹಿರಿಯರ ಮನ ಒಲಿಸುತ್ತ ಒಂದೊಂದೇ ಊರಿನಲ್ಲಿ ಕನ್ನಡ ಶಾಲೆ ತೆರೆಸುತ್ತ ಹೋದರು.

ಇದರಲ್ಲಿ ನ್ಯಾಯದ ಮಾತೊಂದಿದೆ. 1860ರ ದಶಕದಲ್ಲಿ ಮುಂಬಯಿ ಸರ್ಕಾರ ಭೂಕಂದಾಯದ ರೂಪಾಯಿಗೆ 1 ಆಣೆಯಂತೆ ಸ್ಥಳೀಯ ಕರ ಹಾಕಿತು. ಅದರ ಮೂರರಲ್ಲಿ ಒಂದು ಪಾಲು ಶಾಲೆಗಳಿಗೆ ಹೋಗುತ್ತಿತ್ತು. ಎಂದರೆ ಶಾಲೆ ನಡೆಯುತ್ತಿದ್ದದ್ದು ರೈತನ ಆಣೆಯಿಂದ. ಅವನ ಆಣೆ ತೆಗೆದುಕೊಂಡು ಅವನ ಮಗನಿಗೆ ತಿಳಿಯದ ಭಾಷೆಯಲ್ಲಿ ಪಾಠ ಹೇಳುವುದು ಯಾವ ನ್ಯಾಯ? ಅವರ ದುಡಿಮೆಯನ್ನು ಭಾಷಾಭಿಮಾನ ಎಂದಷ್ಟೇ ನಾವು ಹೊಗಳುತ್ತೇವೆ. ಇಲಾಖೆಯಲ್ಲಿ ಸವೆದ ನನಗೆ ಅದು ಒಬ್ಬ ಪ್ರಾಮಾಣಿಕ ಅಧಿಕಾರಿಯ ಲೆಕ್ಕವಾಗಿಯೂ ಕಾಣುತ್ತದೆ.

ಅವರು ಬೇರೆ ಭಾಷೆಗಳ ವೈರಿಯಲ್ಲ. ಶೇಕ್ಸ್‌ಪಿಯರ್‌ನ ಕಾಮಿಡಿ ಆಫ್ ಎರರ್ಸ್ ನಾಟಕವನ್ನು ನಗದವರನ್ನು ನಗಿಸುವ ಕಥೆ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದವರು ಅವರೇ. ಇಂಗ್ಲಿಷ್ ಕಲಿತು, ಅಲ್ಲಿ ಕಂಡ ಒಳ್ಳೆಯದನ್ನು ಊರಿಗೆ ಹೊತ್ತು ತಂದರು. 1865ರಲ್ಲಿ ಶಿಕ್ಷಕರಿಗಾಗಿ ಮಠಪತ್ರಿಕೆ ಆರಂಭವಾಯಿತು, ಅದರ ಹಿಂದೆಯೂ ಅವರ ದುಡಿಮೆ ಇತ್ತು. ಶಾಲೆಗೆ ನಮ್ಮ ಜನ ಮಠ ಎನ್ನುತ್ತಿದ್ದುದರಿಂದ ಆ ಹೆಸರು. ಇಂದು ನಮ್ಮ ಶಿಕ್ಷಕರ ಕೋಣೆಯಲ್ಲಿ ಕಾಣುವ ಜೀವನ ಶಿಕ್ಷಣ ಮಾಸಪತ್ರಿಕೆಯ ಮೂಲ ಅದೇ.

1881ರಲ್ಲಿ ಅವರು ತೀರಿಕೊಂಡರು. ನಮ್ಮ ಶಾಲೆಗೆ ತುಂಬಿದ ಐವತ್ತು ಅವರಿಗೆ ತುಂಬಲಿಲ್ಲ. ಒಂಬತ್ತು ವರ್ಷಗಳ ನಂತರ, 1890ರಲ್ಲಿ, ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತ ತಲೆಮಾರು ಬೆಳೆಯುತ್ತಿದ್ದುದರಿಂದಲೇ ಅಂಥ ಸಂಘಕ್ಕೆ ಬೇರು ಸಿಕ್ಕಿತು ಎಂದು ನಾನು ನಂಬಿದ್ದೇನೆ.

ಈಗ ನನ್ನದೊಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಾನು ಅಧಿಕಾರಿಯಾಗಿದ್ದಾಗ ಒಂದು ಸಣ್ಣ ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂಬತ್ತೇ ಮಕ್ಕಳು ಉಳಿದಿದ್ದರು. ಪಕ್ಕದೂರಿನ ಶಾಲೆಗೆ ಸೇರಿಸಬಹುದೇ ಎಂದು ಕಡತ ಬಂತು. ನಾನು ಹೋಗಿ ನೋಡಿದ್ದು ಬೇಸಿಗೆಯಲ್ಲಿ. ನಡುವಿನ ಹಳ್ಳ ಒಣಗಿತ್ತು, ಬೂಟು ಕೂಡ ಒದ್ದೆಯಾಗದಂತೆ ದಾಟಿದೆ. ದೂರ ಹೆಚ್ಚಿಲ್ಲ, ಸೇರಿಸಬಹುದು ಎಂದು ಬರೆದು ಸಹಿ ಹಾಕಿದೆ. ಮಳೆಗಾಲ ಬಂತು, ಹಳ್ಳ ತುಂಬಿತು. ಗಂಡುಹುಡುಗರು ಹೇಗೋ ದಾಟಿದರು, ನಾಲ್ಕು ಹೆಣ್ಣುಮಕ್ಕಳು ಸಾಲಿ ಬಿಟ್ಟರು. ಅವರಲ್ಲಿ ಒಬ್ಬಳನ್ನು ಮರುವರ್ಷ ಕಬ್ಬಿನ ಹೊಲದಲ್ಲಿ ಕಂಡೆ. ನಮಸ್ಕಾರ ಸರ್ ಎಂದಳು. ಆ ನಮಸ್ಕಾರವನ್ನು ಹೊತ್ತುಕೊಂಡು ಮನೆಗೆ ಬಂದೆ. ಆ ಶಾಲೆ ಮತ್ತೆ ತೆರೆಯಲಿ ಎಂದು ನಾನೇ ಬರೆದೆ. ಆಗಲು ಎರಡು ವರ್ಷ ಹಿಡಿಯಿತು. ಶಾಲೆ ತೆರೆಯಿತು, ಆ ನಾಲ್ವರು ಮರಳಲಿಲ್ಲ. ಹರಿಗೋಲಿನಲ್ಲಿ ಹೊಳೆ ದಾಟಿ ಶಾಲೆ ತೆರೆಸಿದವರ ಕುರ್ಚಿಯಲ್ಲಿ ಕುಳಿತು, ಒಣಗಿದ ಹಳ್ಳ ದಾಟಿ ನಾನು ಶಾಲೆ ಮುಚ್ಚಿಸಿದ್ದೆ.

ಇದನ್ನು ಈ ಸಂಭ್ರಮದ ಪುಸ್ತಕದಲ್ಲಿ ಏಕೆ ಬರೆಯುತ್ತಿದ್ದೇನೆಂದರೆ, ಈಗ ಬೆಳಿಗ್ಗೆ ನಮ್ಮೂರ ಅಗಸಿಯ ಮುಂದೆ ಪಟ್ಟಣದ ಶಾಲೆಗಳ ಹಳದಿ ವ್ಯಾನುಗಳು ನಿಲ್ಲುತ್ತವೆ. ನಮ್ಮ ಎಂಟನೆಯ ತರಗತಿಯ ಹಾಜರಿ ಪುಸ್ತಕ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದೆ. ಕನ್ನಡ ಕಲಿತರೆ ಏನು ಸಿಗುತ್ತದೆ ಎಂಬ ಅದೇ ಹಳೆಯ ಪ್ರಶ್ನೆ ಹೊಸ ಅಂಗಿ ತೊಟ್ಟು ಬಂದಿದೆ. ಕೇಳುವ ತಂದೆತಾಯಿಗಳನ್ನು ನಾನು ಬೈಯಲಾರೆ, ನನ್ನ ಮೊಮ್ಮಗನೂ ಅಂಥದೇ ವ್ಯಾನಿನಲ್ಲಿ ಹೋಗುತ್ತಾನೆ. ಆದರೆ ಚನ್ನಬಸಪ್ಪನವರು ಆ ಪ್ರಶ್ನೆಗೆ ಭಾಷಣದಿಂದ ಉತ್ತರ ಕೊಡಲಿಲ್ಲ. ಒಳ್ಳೆಯ ಮಾಸ್ತರ, ಒಳ್ಳೆಯ ಪುಸ್ತಕ ಕೊಟ್ಟು, ಊರವರ ಜೊತೆ ಕುಳಿತು ಉತ್ತರ ಕೊಟ್ಟರು. ಇಂದು ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಚೆನ್ನಾಗಿ ಕಲಿಸಲಿ, ವಿಜ್ಞಾನದ ಕೋಣೆ ಬೀಗ ತೆಗೆದೇ ಇರಲಿ, ಖಾಲಿ ಹುದ್ದೆಗೆ ಶಿಕ್ಷಕರು ಬರುವವರೆಗೆ ಹಳೆಯ ವಿದ್ಯಾರ್ಥಿಗಳಾದ ನಾವು ಸರದಿಯಂತೆ ಬಂದು ಪಾಠ ಹೇಳೋಣ. ಗಣಿತಕ್ಕೆ ವಾರದಲ್ಲಿ ಎರಡು ದಿನ ಬರುತ್ತೇನೆಂದು ಮುಖ್ಯೋಪಾಧ್ಯಾಯರಿಗೆ ನಾನು ಮಾತು ಕೊಟ್ಟಿದ್ದೇನೆ.

ಶಾಲೆಗೆ ಭೂಮಿ ಕೊಟ್ಟವರನ್ನೂ, ಗೋಡೆಗೆ ಕಲ್ಲು ಹೊತ್ತ ಊರ ಹಿರಿಯರನ್ನೂ, ನಮಗೆ ಅಕ್ಷರ ಕೊಟ್ಟ ಗುರುಗಳನ್ನೂ ನೆನೆಯುವ ಈ ದಿನ, ಅವರೆಲ್ಲರಿಗಿಂತ ಮೊದಲು ಈ ಸೀಮೆಯ ದಾರಿ ತುಳಿದ ಡೆಪ್ಯುಟಿ ಸಾಹೇಬರಿಗೂ ಒಂದು ನಮಸ್ಕಾರ ಸಲ್ಲಲಿ. ನಮ್ಮ ಶಾಲೆ ನೂರು ಕಾಣಲಿ.