ಕಾಸರಗೋಡಿನ ಕುದ್ಮುಲ್ ರಂಗರಾಯರು

ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಸಭೆ ಸಮಾರಂಭಗಳಿಗೆಂದು ನಮ್ಮಲ್ಲಿ ಅನೇಕರು ಅದರ ಮೆಟ್ಟಿಲು ಹತ್ತಿದ್ದೇವೆ. ಆ ಮಹನೀಯರು ನಮ್ಮ ಕಾಸರಗೋಡಿನಲ್ಲೇ ಹುಟ್ಟಿದವರೆಂಬುದು ಮಾತ್ರ ನಮ್ಮ ಶಾಲೆಗಳ ಹೆಚ್ಚಿನ ಮಕ್ಕಳಿಗೆ ತಿಳಿದಿಲ್ಲ. ತಪ್ಪು ಮಕ್ಕಳದಲ್ಲ, ಹೇಳಿಕೊಡದ ನಮ್ಮಂಥ ಮಾಸ್ತರುಗಳದು.

ರಂಗರಾಯರ ಜನನ 1859ರ ಜೂನ್ 29ರಂದು, ಒಂದು ಸಾರಸ್ವತ ಮನೆತನದಲ್ಲಿ. ಕಾಸರಗೋಡು, ಮಂಗಳೂರು ಎರಡೂ ಆಗ ಮದರಾಸು ಪ್ರಾಂತ್ಯದ ಒಂದೇ ಜಿಲ್ಲೆಯಲ್ಲಿದ್ದವು. ಹದಿನಾರರ ಹರೆಯದಲ್ಲಿ ತಂದೆ ತೀರಿಕೊಂಡಾಗ ಸಂಸಾರದ ಭಾರ ಹುಡುಗನ ಹೆಗಲಿಗೆ ಬಿತ್ತು. ಕೆಲಸ ಹುಡುಕಿಕೊಂಡು ಮಂಗಳೂರಿಗೆ ಹೋದರು. ರೈಲು ಮಂಗಳೂರು ಮುಟ್ಟಿದ್ದು 1907ರಲ್ಲಿ. ಇದು ಅದಕ್ಕೂ ಮೂವತ್ತು ವರ್ಷ ಹಿಂದಿನ ಮಾತು. ಅಲ್ಲಿ ಸಿಕ್ಕಿದ್ದು ತಿಂಗಳಿಗೆ 8 ರೂಪಾಯಿಯ ಮಾಸ್ತರಿಕೆ. ಪಾಠ ಹೇಳುತ್ತಲೇ ತಾವೂ ಓದಿ ಮೆಟ್ರಿಕ್, ಎಫ್.ಎ. ಮುಗಿಸಿದರು, ಮುಂದೆ ವಕೀಲರಾದರು. ಬಡವರ ವಕೀಲರೆಂದೇ ಹೆಸರಾಯಿತು.

ಉಳ್ಳಾಲ ರಘುನಾಥಯ್ಯನವರು 1870ರಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜವನ್ನು ಸ್ಥಾಪಿಸಿದ್ದರು. ರಂಗರಾಯರು ಆ ಬಳಗಕ್ಕೆ ಸೇರಿದರು. ಜಾತಿಭೇದ ಕೂಡದೆಂದು ಅಲ್ಲಿ ಕಲಿತದ್ದನ್ನು ಅವರು ಬೀದಿಗೆ ತಂದರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ, ಅಸ್ಪೃಶ್ಯರೆಂದು ದೂರ ಇಡಲಾಗಿದ್ದವರ ಮಕ್ಕಳಿಗಾಗಿ ಒಂದು ಶಾಲೆ ತೆರೆದರು.

ಅಂದಿನಿಂದ ಕಷ್ಟದ ದಿನಗಳು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಕ್ಷೌರಿಕ ಬರಲಿಲ್ಲ, ಮಡಿವಾಳ ಬಟ್ಟೆ ಮುಟ್ಟಲಿಲ್ಲ. ಬೀದಿಯಲ್ಲಿ ನಡೆದರೆ ಬೈಗುಳ. ಊಟಕ್ಕೆ ಕರೆಯದಿರುವುದು ಸಣ್ಣ ಶಿಕ್ಷೆಯೆಂದು ಇಂದಿನವರಿಗೆ ತೋರಬಹುದು. ಮದುವೆ, ಮುಂಜಿ, ಸಾವು ಎಲ್ಲಕ್ಕೂ ಜಾತಿಯವರನ್ನೇ ನೆಚ್ಚಿಕೊಂಡಿದ್ದ ಕಾಲದಲ್ಲಿ ಅದು ಮನೆಯವರನ್ನೆಲ್ಲ ಊರಿನಿಂದ ಹೊರಗೆ ನಿಲ್ಲಿಸಿದಂತೆಯೇ. ಮೇಲ್ಜಾತಿಯ ಉಪಾಧ್ಯಾಯರು ಆ ಶಾಲೆಯ ಹೊಸ್ತಿಲು ತುಳಿಯಲು ಒಪ್ಪಲಿಲ್ಲ. ಕಿರುಕುಳ ತಾಳಲಾರದೆ ಶಾಲೆಯನ್ನು ಮುಚ್ಚಿ, ಬೇರೊಂದು ಕಡೆ ತೆರೆಯಬೇಕಾಯಿತು.

ಆಗ ಕೈಹಿಡಿದವರು ಯಾರು? ಬ್ರಹ್ಮಸಮಾಜದ ಬೆರಳೆಣಿಕೆಯ ಗೆಳೆಯರು ಜೊತೆಗಿದ್ದರು. ಪಾಠ ಹೇಳಲು ಕ್ರೈಸ್ತ ಉಪಾಧ್ಯಾಯರು ಮುಂದೆ ಬಂದರು. ಎಲ್ಲಕ್ಕಿಂತ ಹೆಚ್ಚಾಗಿ, ಕೇರಿಗಳ ತಾಯಿತಂದೆಯರು ಮಕ್ಕಳನ್ನು ಕಳಿಸಿಕೊಟ್ಟರು. ಮಗು ಶಾಲೆಯಲ್ಲಿ ಕುಳಿತರೆ ಅದರ ಆ ದಿನದ ದುಡಿಮೆ ಮನೆಗೆ ನಷ್ಟ. ಇದನ್ನರಿತ ರಾಯರು ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ಕೈಗೆ ಒಂದಿಷ್ಟು ಕಾಸನ್ನೂ ಕೊಟ್ಟರು. ಹಾಜರಿ ಪುಸ್ತಕ ತುಂಬಿಸಲು ಪರದಾಡುವ ನಮಗೆ ಅವರ ಈ ಜಾಣತನ ಕಂಡು ಬೆರಗಾಗುತ್ತದೆ.

1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪನೆಯಾಯಿತು. ಮಂಗಳೂರಿನ ಆಚೆಗೂ ಶಾಲೆಗಳು ಹಬ್ಬಿದವು. ನೇಯ್ಗೆ, ಮರಗೆಲಸ ಕಲಿಸಿದರು. ಸರ್ಕಾರದಿಂದ ಜಾಗ ಪಡೆದು ಮನೆ ಕಟ್ಟಿಕೊಳ್ಳಲು ಹಂಚಿದರು. ಕೊರಗರನ್ನೂ ಮರೆಯಲಿಲ್ಲ. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಅದೇ ಊರಿನ ಬೀದಿಯಲ್ಲಿ ವಾಹನದಲ್ಲಿ ಹೋಗುವುದನ್ನು ಕಾಣಬೇಕೆಂಬುದು ಅವರ ಆಸೆ. ಸರ್ಕಾರ ಕೊಟ್ಟ ರಾವ್ ಸಾಹೇಬ್ ಬಿರುದಿಗಿಂತ ಅದು ಅವರಿಗೆ ದೊಡ್ಡದಾಗಿತ್ತು.

ಅನ್ಯರಿಗೆ ಹೇಳಿದ್ದನ್ನು ಅವರು ಸ್ವಂತ ಮನೆಯಲ್ಲೂ ನಡೆಸಿದರು. ಮಗಳು ರಾಧಾಬಾಯಿಯವರನ್ನು ಅನ್ಯಜಾತಿಯ, ಕುಮಾರಮಂಗಲದ ಜಮೀನ್ದಾರ ಪಿ. ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟರು. ಅಳಿಯ 1926ರಲ್ಲಿ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾದರು. ಮಗಳು 1930ರಲ್ಲಿ ಲಂಡನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. ಮೊಮ್ಮಗ ಜನರಲ್ ಪಿ. ಪಿ. ಕುಮಾರಮಂಗಲಂ 1966ರಿಂದ 1969ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು.

1927ರಲ್ಲಿ ರಾಯರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. ಮರುವರ್ಷ, 1928ರ ಜನವರಿ 30ರಂದು, ತೀರಿಕೊಂಡರು. ಅಳಿಯ ಇನ್ನೂ ಮುಖ್ಯಮಂತ್ರಿಯಾಗಿದ್ದ ಕಾಲವದು. ಹೆಣ ಹೊರಲು ಗಣ್ಯರಿಗೇನು ಬರವಿರುತ್ತಿತ್ತೇ? ಆದರೆ ತನ್ನ ದೇಹವನ್ನು ಊರು ಗುಡಿಸುವ ತೋಟಿಗಳೇ ಹೊರಬೇಕು, ಅಂತ್ಯಕ್ರಿಯೆಯನ್ನೂ ಅವರೇ ಮಾಡಬೇಕು ಎಂದು ರಾಯರು ಮೊದಲೇ ತಿಳಿಸಿಟ್ಟಿದ್ದರು. ಮೂವತ್ತಾರು ವರ್ಷ ಹಿಂದೆ ಸ್ವಜಾತಿಯವರು ಬಾಗಿಲು ಮುಚ್ಚಿದಾಗ ತಮ್ಮ ಮಕ್ಕಳನ್ನು ಅವರ ಕೈಗೆ ಒಪ್ಪಿಸಿದ್ದ ಕೇರಿಗಳ ಜನ ಆ ದಿನ ಹೆಗಲು ಕೊಟ್ಟರು. ಅವರ ಸಮಾಧಿ ಅತ್ತಾವರದ ಬಾಬುಗುಡ್ಡೆಯಲ್ಲಿದೆ. ಮಂಗಳೂರು ರೈಲು ನಿಲ್ದಾಣದಲ್ಲಿ ಇಳಿದರೆ ಅಲ್ಲಿಗೆ ಹೆಚ್ಚು ದೂರವಿಲ್ಲ. ಮುಂದಿನ ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಮೊದಲು ಅಲ್ಲಿಗೇ ಕರೆದೊಯ್ಯಬೇಕೆಂದು ನಾವು ಗೊತ್ತುಮಾಡಿಕೊಂಡಿದ್ದೇವೆ.