ಬುಧವಾರದ ಬಾಗಿಲು ತೆರೆದಿಟ್ಟ ಎಚ್ಚೆನ್

ವೈಸ್ ಛಾನ್ಸಲರ್ ಅಂದ ಕೂಡಲೇ ಮಂದಿಯ ಕಣ್ಣ ಮುಂದೆ ಬರೋದು ದೊಡ್ಡ ಬಂಗಲೆ, ಕಾರು, ಬಾಗಿಲಲ್ಲಿ ಜವಾನ. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ವೈಸ್ ಛಾನ್ಸಲರ್ ಆಗಿದ್ದ ಡಾ. ಎಚ್. ನರಸಿಂಹಯ್ಯನವರಿಗೆ ಮನೆ ಅಂತ ಇದ್ದದ್ದು ಒಂದು ಹಾಸ್ಟೆಲ್ ಕೋಣೆ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿ ನಿಲಯದಲ್ಲೇ ಅವರು ಅರ್ಧ ಶತಮಾನಕ್ಕೂ ಮೇಲ್ಪಟ್ಟು ಬಾಳಿದರು. ಮದುವೆ ಆಗಲಿಲ್ಲ. ಖಾದಿ ಪಂಚೆ, ಖಾದಿ ಜುಬ್ಬ, ತಲೆ ಮೇಲೆ ಗಾಂಧಿ ಟೋಪಿ. ಅಮೆರಿಕಕ್ಕೆ ಹೋಗಿ ಪರಮಾಣು ವಿಜ್ಞಾನದಲ್ಲಿ ಡಾಕ್ಟರೇಟ್ ತಂದ ಮನುಷ್ಯ ಇವರೇ ಅಂದ್ರೆ ನೋಡಿದವರು ನಂಬೋದು ಕಷ್ಟವೇ ಇತ್ತು.

ಅವರು ತೀರಿಕೊಂಡು ಇಪ್ಪತ್ತು ವರ್ಷ ದಾಟಿದೆ. ಬೆಂಗಳೂರಿನ ಕಡೆ ಇವತ್ತಿಗೂ ಎಚ್ಚೆನ್ ಅಂದರೆ ಸಾಕು, ಪೂರ್ತಿ ಹೆಸರು ಬೇಕಿಲ್ಲ. ತುರ್ವಿಹಾಳ, ಸಿಂಧನೂರು, ಮಸ್ಕಿ ಕಡೆಯ ಹುಡುಗರಿಗೂ ಈ ಹೆಸರು ಗೊತ್ತಿರಬೇಕು. ದೊಡ್ಡ ವಿಜ್ಞಾನಿಯ ಎದುರಿಗೆ ದಾರಿಹೋಕನಿಗೂ ಒಂದು ಕುರ್ಚಿ ಹಾಕಿಸಿದವರು ಅವರು.

ನಡೆದು ಬಂದ ಹುಡುಗ

ನರಸಿಂಹಯ್ಯ ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ. ಆಗ ಅದು ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ ಜಿಲ್ಲೆ. ಹಿಂದುಳಿದ ಸಮಾಜದ ಬಡ ಮನೆ. ಊರ ಸಾಲಿ ಮುಗಿದ ಮೇಲೆ ಮುಂದೆ ಓದಬೇಕಂದ್ರೆ ಬೆಂಗಳೂರಿಗೇ ಹೋಗಬೇಕು. ಕೈಯಲ್ಲಿ ರೊಕ್ಕ ಇಲ್ಲ. 1935ರಲ್ಲಿ ಹುಡುಗ ಕಾಲ್ನಡಿಗೆಯಲ್ಲೇ ಹೊರಟ. ಎಂಬತ್ತು ಕಿಲೋಮೀಟರಿಗೂ ಜಾಸ್ತಿ ದಾರಿ, ಎರಡು ದಿನದ ನಡಿಗೆ. ಹೆಚ್ಚುಕಡಿಮೆ ಸಿಂಧನೂರಿನಿಂದ ರಾಯಚೂರಿಗೆ ನಡೆದು ಹೋದಷ್ಟು. ಹಾಗೆ ಹೋಗಿ ಸೇರಿದ್ದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು.

ಮರುವರ್ಷ, 1936ರಲ್ಲಿ, ಗಾಂಧೀಜಿ ಆ ಸಾಲಿಗೆ ಬಂದರು. ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸ ಇದೇ ಹಳ್ಳಿ ಹುಡುಗನ ಪಾಲಿಗೆ ಬಂತು. ದೊಡ್ಡವರ ಮಾತನ್ನು ಮಂದಿಗೆ ತಿಳಿಯೋ ಹಾಗೆ ದಾಟಿಸುವ ಉದ್ಯೋಗ ಅಂದಿನಿಂದಲೇ ಅಂಟಿಕೊಂಡಿತು ಅನ್ನಬಹುದು. ಖಾದಿಯೂ ಮೈಬಿಟ್ಟು ಹೋಗಲಿಲ್ಲ.

1942ರ ಚಲೇಜಾವ್ ಚಳವಳಿ ಹೊತ್ತಿಗೆ ಅವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಓದುತ್ತಿದ್ದರು. ಓದು ಬಿಟ್ಟು ಬೀದಿಗಿಳಿದರು. ಬೆಂಗಳೂರು, ಮೈಸೂರು, ಯರವಡಾ ಜೈಲುಗಳನ್ನು ಕಂಡು ಬಂದರು. ಹೊರಗೆ ಬಂದ ಮೇಲೆ ಬಿಟ್ಟ ಓದನ್ನು ಮುಗಿಸಿ ಎಂ.ಎಸ್ಸಿ. ಮಾಡಿ, 1946ರಲ್ಲಿ ನ್ಯಾಷನಲ್ ಕಾಲೇಜಿಗೆ ಭೌತಶಾಸ್ತ್ರದ ಲೆಕ್ಚರರ್ ಆಗಿ ಸೇರಿದರು. ಮುಂದೆ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಡಾಕ್ಟರೇಟ್ ಆಯಿತು. ಅಲ್ಲೇ ನಿಂತು ಡಾಲರ್ ಎಣಿಸಲಿಲ್ಲ. ತಿರುಗಿ ಬಂದು ಅದೇ ಕಾಲೇಜು, ಅದೇ ಹಾಸ್ಟೆಲ್ ಸೇರಿದರು. ಪ್ರಿನ್ಸಿಪಾಲರೂ ಆದರು.

ಕಾಂಪೌಂಡಿನೊಳಗಿನ ವಿಜ್ಞಾನ

ಆ ಕಾಲದ ಬೆಂಗಳೂರನ್ನು ಸ್ವಲ್ಪ ನೆನೆಸಿಕೊಳ್ಳಿ. 1909ರಿಂದ ಟಾಟಾ ಇನ್‌ಸ್ಟಿಟ್ಯೂಟ್ ಇತ್ತು. 1940ರಲ್ಲಿ ವಿಮಾನ ಕಾರ್ಖಾನೆ ಬಂತು. 1948ರಲ್ಲಿ ಸರ್ ಸಿ.ವಿ. ರಾಮನ್ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. ದೇಶದ ದೊಡ್ಡ ದೊಡ್ಡ ತಲೆಗಳು ಒಂದೇ ಊರಿನಲ್ಲಿ. ಆದರೆ ಎಲ್ಲಾ ಕಾಂಪೌಂಡಿನ ಒಳಗೆ. ಹೊರಗೆ ಸೈಕಲ್ ತುಳಿಯುವ ಗುಮಾಸ್ತನಿಗೆ, ಕಿರಾಣಿ ಅಂಗಡಿಯವನಿಗೆ, ಹೈಸ್ಕೂಲು ಹುಡುಗನಿಗೆ ಒಳಗೆ ಏನು ನಡೀತದೆ ಅನ್ನೋದೇ ಗೊತ್ತಿಲ್ಲ. ಅವರು ಕಟ್ಟಿದ ತೆರಿಗೆಯ ರೊಕ್ಕದಲ್ಲೂ ಸಂಶೋಧನೆ ನಡೆಯುತ್ತಿತ್ತು.

ಈ ಗೋಡೆಗೆ ಕಿಟಕಿ ಕೊರೆಯಲು ನೋಡಿದವರು ಮೊದಲೂ ಇದ್ದರು. ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರ ಜತೆ ಕೂಡಿ ಕರ್ನಾಟಕ ವಿಜ್ಞಾನ ಪ್ರಚಾರಿಣಿ ಸಮಿತಿ ಕಟ್ಟಿ, 1918ರಲ್ಲೇ ವಿಜ್ಞಾನ ಎಂಬ ಕನ್ನಡ ಮಾಸಪತ್ರಿಕೆ ತೆಗೆದರು. ಎರಡು ವರ್ಷ ನಡೆದು ಅದು ನಿಂತಿತು. ಪತ್ರಿಕೆಗೆ ಓದುಗರು ಬೇಕು, ಚಂದಾ ಬೇಕು, ಕಾಗದ ಬೇಕು.

ಎಚ್ಚೆನ್ ಹಿಡಿದ ದಾರಿ ಇನ್ನೂ ಸರಳ. 1962ರಲ್ಲಿ ಅವರು ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಅದರಲ್ಲಿ ಮಂತ್ರವಿಲ್ಲ, ತಂತ್ರವಿಲ್ಲ. ವಾರಕ್ಕೊಮ್ಮೆ, ಬುಧವಾರ ಸಂಜೆ, ಕಾಲೇಜಿನ ಸಭಾಂಗಣದ ಬಾಗಿಲು ತೆರೆಯೋದು. ವಿಷಯ ಬಲ್ಲ ಒಬ್ಬರನ್ನು ಕರೆದು ಮಾತಾಡಿಸೋದು. ಕೇಳಲು ಯಾರು ಬೇಕಾದರೂ ಬರಬಹುದು, ಟಿಕೆಟಿಲ್ಲ. ಕಾಲೇಜು ಹುಡುಗರು ಬಂದರು, ರಿಟೈರಾದವರು ಬಂದರು, ಆಫೀಸು ಮುಗಿಸಿ ಮನೆಗೆ ಹೊರಟವರೂ ಬಂದರು. ಜುಲೈ ಬಂತೆಂದರೆ ತಿಂಗಳುದ್ದಕ್ಕೂ ಉಪನ್ಯಾಸ, ಒಂದು ಥರ ವಿಜ್ಞಾನದ ಜಾತ್ರೆ. ನಕ್ಷತ್ರ, ರಾಕೆಟ್ಟು, ಸಕ್ಕರೆ ಕಾಯಿಲೆ, ಹಾವು, ಅಣುಶಕ್ತಿ, ಯಾವ ವಿಷಯಕ್ಕೂ ಅಲ್ಲಿ ಬಾಗಿಲು ಮುಚ್ಚಿರಲಿಲ್ಲ. ಫೋರಂ ಇಂದಿಗೂ ನಡೆದಿದೆ. ಅಲ್ಲಿ ಆಗಿರುವ ಉಪನ್ಯಾಸಗಳ ಲೆಕ್ಕ ಎರಡು ಸಾವಿರ ದಾಟಿ ಎಷ್ಟೋ ಕಾಲವಾಯಿತು.

ಸದ್ದು ಮಾಡಿದ ಸಮಿತಿ

ಎಚ್ಚೆನ್ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದದ್ದು ಮಾತ್ರ ಬುಧವಾರದ ಉಪನ್ಯಾಸದಿಂದ ಅಲ್ಲ. ವೈಸ್ ಛಾನ್ಸಲರ್ ಆಗಿದ್ದಾಗ 1976ರಲ್ಲಿ ಅವರು ಪವಾಡ ಹಾಗೂ ಮೂಢನಂಬಿಕೆಗಳನ್ನು ಪರೀಕ್ಷಿಸುವ ಒಂದು ಸಮಿತಿ ನೇಮಿಸಿದರು. ದೇವರು ಉಂಟೋ ಇಲ್ಲವೋ ಎಂಬುದು ಆ ಸಮಿತಿಯ ಕೆಲಸ ಆಗಿರಲಿಲ್ಲ. ಬರಿಗೈಯಿಂದ ವಸ್ತು ಬರುತ್ತದೆ, ವಿಭೂತಿ ಉದುರುತ್ತದೆ ಅನ್ನುವಂಥ, ಕಣ್ಣಿಂದ ನೋಡಿ ಪರೀಕ್ಷೆ ಮಾಡಬಹುದಾದ ಮಾತುಗಳನ್ನಷ್ಟೇ ಅದು ಹಿಡಿಯಿತು. ಮಂಡ್ಯ ಜಿಲ್ಲೆಯಲ್ಲಿ ಕೈಯಿಂದ ವಿಭೂತಿ ಬರುತ್ತದೆಂದು ಮಂದಿ ಮುಗಿಬಿದ್ದಿದ್ದ ಕಡೆಗೆ ಸಮಿತಿ ಹೋಗಿ ನೋಡಿದಾಗ ವಿಭೂತಿ ಅಂಗಿಯೊಳಗೆ ಸಿಕ್ಕಿತು.

ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೂ ಎಚ್ಚೆನ್ ಮೂರು ಪತ್ರ ಬರೆದರು, ಪರೀಕ್ಷಕರ ಎದುರು ಪವಾಡ ತೋರಿಸಬೇಕೆಂದು ಕೇಳಿದರು. ಉತ್ತರ ಬರಲಿಲ್ಲ. ದೊಡ್ಡ ಗದ್ದಲವೇ ಎದ್ದಿತು. ಒಬ್ಬರು ಶಹಬ್ಬಾಸ್ ಅಂದರೆ ಇನ್ನೊಬ್ಬರು ವೈಸ್ ಛಾನ್ಸಲರ್‌ಗೆ ಇದೇನು ಉಸಾಬರಿ ಅಂತ ಬೈದರು. 1977ರಲ್ಲಿ ಸಮಿತಿ ಬರಖಾಸ್ತಾಯಿತು.

ಈಗ ತಕ್ಕಡಿಯಲ್ಲಿಟ್ಟು ತೂಗಿ ನೋಡಿದರೆ ಒಂದು ಮಾತು ತಿಳಿಯುತ್ತದೆ. ಸವಾಲು ಹಾಕಿದ ಸಮಿತಿ ಒಂದು ವರ್ಷದ ಆಚೀಚೆ ಮುಗಿಯಿತು. ಸದ್ದಿಲ್ಲದೆ ಬಾಗಿಲು ತೆರೆದ ಬುಧವಾರ ಅರವತ್ತು ವರ್ಷ ದಾಟಿಯೂ ನಡೆದಿದೆ. ಸವಾಲಿಗೆ ಹೋದ ಮನುಷ್ಯ ಸೋಲಬಾರದೆಂದು ಹಟ ಹಿಡಿಯುತ್ತಾನೆ. ಕುರ್ಚಿ ಹಾಕಿ ಕೂರಿಸಿದ ಮನುಷ್ಯ ತಾನಾಗೇ ಪ್ರಶ್ನೆ ಕೇಳುತ್ತಾನೆ. ಎರಡೂ ಎಚ್ಚೆನ್ ಮಾಡಿದ ಕೆಲಸವೇ. ಪತ್ರಿಕೆಯಲ್ಲಿ ದೊಡ್ಡಕ್ಷರದಲ್ಲಿ ಬಂದದ್ದು ಮೊದಲನೆಯದು, ಬಾಳಿಕೆ ಬಂದದ್ದು ಎರಡನೆಯದು.

ಜವಳಗೇರಾಕ್ಕೆ ಬಂದ ಸೂರ್ಯ

ಈ ಬಾಗಿಲು ಇಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ತಾಲೂಕಿನಲ್ಲೇ ಸಾಕ್ಷಿ ಇದೆ. 1980ರ ಫೆಬ್ರವರಿ 16ರ ಮಧ್ಯಾಹ್ನ ಪೂರ್ಣ ಸೂರ್ಯಗ್ರಹಣ. ಅಂಕೋಲಾ, ಹುಬ್ಬಳ್ಳಿ, ಗದಗ ದಾಟಿ ರಾಯಚೂರಿನ ಮೇಲೆ ನೆರಳು ಹಾದುಹೋಯಿತು. ಅದನ್ನು ಅಳೆಯಲು ಬೆಂಗಳೂರಿನ ಖಗೋಳ ವಿಜ್ಞಾನಿಗಳು ದುರ್ಬೀನು, ಕ್ಯಾಮರಾ ಹೊತ್ತು ಬಂದು ಬಿಡಾರ ಹೂಡಿದ ಜಾಗಗಳಲ್ಲಿ ಸಿಂಧನೂರು ತಾಲೂಕಿನ ಜವಳಗೇರಾ ಒಂದು. ಎರಡು ನಿಮಿಷದ ಮೇಲೆ ಸ್ವಲ್ಪ ಹೊತ್ತು ಹಗಲು ಕತ್ತಲಾಗಿ, ಕಪ್ಪು ಸೂರ್ಯನ ಸುತ್ತ ಬೆಳ್ಳಿ ಕಿರೀಟ ಕಾಣಿಸುವ ನೋಟ. ಒಂದೇ ಊರಿಗೆ ಅದು ಮತ್ತೆ ಬರಬೇಕಾದರೆ ಸರಾಸರಿ ಮುನ್ನೂರು ನಾನೂರು ವರ್ಷ ಬೇಕು.

ಆ ದಿನ ದೇಶದ ತುಂಬ ಬಹಳ ಮಂದಿ ಕದ ಹಾಕಿಕೊಂಡು ಒಳಗೇ ಕೂತರು. ಬೀದಿಗಳು ಬಿಕೋ ಅಂದವು. ಬರಿಗಣ್ಣಿನಿಂದ ನೋಡಿದರೆ ಕಣ್ಣು ಕೆಡುತ್ತದೆ ಅನ್ನೋ ಎಚ್ಚರಿಕೆ ಸರಿಯೇ. ಆದರೆ ತಕ್ಕ ಕನ್ನಡಕ ಹಾಕಿ ನೋಡಬಹುದು, ರಟ್ಟಿನ ತೂತಿನಿಂದ ನೆಲದ ಮೇಲೆ ಬಿಂಬ ಬೀಳಿಸಿ ನೋಡಬಹುದು ಅಂತ ಊರೂರಿಗೆ ಮೊದಲೇ ಬಂದು ಹೇಳುವವರು ಎಷ್ಟು ಜನ ಇದ್ದರು? ವಿಜ್ಞಾನಿ ನಮ್ಮ ಹೊಲದ ಪಕ್ಕಕ್ಕೇ ಬಂದರೂ ನಡುವೆ ಸೇತುವೆ ಇಲ್ಲದಿದ್ದರೆ ಅವನು ಹೊರಗೆ, ನಾವು ಒಳಗೆ.

ಅದೇ 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಶುರುವಾಯಿತು. 1987ರಿಂದ ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನವಾಯಿತು. 1993ರಿಂದ ಮಕ್ಕಳ ವಿಜ್ಞಾನ ಸಮಾವೇಶ ನಡೆದಿದೆ, ಹಳ್ಳಿ ಸಾಲಿಯ ಮಕ್ಕಳೂ ತಮ್ಮೂರ ನೀರು, ಮಣ್ಣು ಪರೀಕ್ಷಿಸಿ ವರದಿ ಮಂಡಿಸಬಹುದು. ಟಾಟಾ ಇನ್‌ಸ್ಟಿಟ್ಯೂಟ್ ಕೂಡ ವರ್ಷಕ್ಕೊಂದು ದಿನ ತನ್ನ ಗೇಟು ತೆರೆದು ಎಲ್ಲರನ್ನೂ ಒಳಗೆ ಬಿಡುತ್ತದೆ.

ಕೊನೆಯ ತನಕ ಅದೇ ಕೋಣೆ

ನ್ಯಾಷನಲ್ ಎಜುಕೇಷನ್ ಸೊಸೈಟಿಯ ಅಧ್ಯಕ್ಷರಾಗಿ ಎಚ್ಚೆನ್ ಗೌರಿಬಿದನೂರು, ಬಾಗೇಪಲ್ಲಿಯಂಥ ಬರದ ಸೀಮೆಗೂ ಕಾಲೇಜು ಮುಟ್ಟಿಸಿದರು. ತಾವು ನಡೆದ ದಾರಿಯನ್ನು ಇನ್ನೊಬ್ಬ ಹುಡುಗ ನಡೆಯಬಾರದು ಅನ್ನೋ ಲೆಕ್ಕ ಅದರಲ್ಲಿತ್ತು. 1984ರಲ್ಲಿ ಪದ್ಮಭೂಷಣ ಬಂತು, ಕೋಣೆ ಬದಲಾಗಲಿಲ್ಲ. ತಮ್ಮ ಬಾಳಿನ ಕಥೆಯನ್ನು ಹೋರಾಟದ ಹಾದಿ ಎಂಬ ಪುಸ್ತಕದಲ್ಲಿ ಬರೆದಿಟ್ಟರು. 2005ರ ಜನವರಿ 31ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 84 ವರ್ಷ.

ಬಸವನಗುಡಿಯ ಬುಧವಾರಕ್ಕೆ ತುರ್ವಿಹಾಳದ ಹುಡುಗ ಹೋಗಬೇಕಂದ್ರೆ ಒಂದು ರಾತ್ರಿಯ ಬಸ್ಸು. ವಾರವಾರ ಆಗುವ ಮಾತಲ್ಲ. ಆದರೆ ವಿಜ್ಞಾನಿ ಬೆಂಗಳೂರಿನಲ್ಲೇ ಇರಬೇಕೆಂದೇನೂ ಇಲ್ಲ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಭೂಮಿ ಯಾಕೆ ಸವಳಾಗುತ್ತಿದೆ, ಭತ್ತಕ್ಕೆ ಎಷ್ಟು ಗೊಬ್ಬರ ಸಾಕು, ಹಟ್ಟಿಯ ನೆಲದಲ್ಲಿ ಚಿನ್ನ ಹೇಗೆ ಬಂತು, ಮಸ್ಕಿಯ ಬಂಡೆಯ ಮೇಲಿನ ಅಶೋಕನ ಅಕ್ಷರ ಓದಿದ್ದು ಹೇಗೆ, ಇದನ್ನೆಲ್ಲ ಬಲ್ಲವರು ಎರಡು ಮೂರು ತಾಸಿನ ದಾರಿಯಲ್ಲೇ ಸಿಗುತ್ತಾರೆ. ಬೇಕಾದ್ದು ಸಾಲಿಯ ಒಂದು ಕೋಣೆ, ನಾಲ್ಕು ಬೆಂಚು, ತಿಂಗಳಿಗೊಂದು ಸಂಜೆ, ಮತ್ತು ಹತ್ತು ಮಂದಿ ಬಂದರೂ ಬೇಸರಿಸದೆ ಮುಂದಿನ ತಿಂಗಳೂ ಬಾಗಿಲು ತೆರೆಯುವ ಒಬ್ಬ ಮಾಸ್ತರ.

2031ರ ಮೇ 21ರಂದು ಕೇರಳ, ತಮಿಳುನಾಡಿನ ಮೇಲೆ ಕಂಕಣ ಸೂರ್ಯಗ್ರಹಣ ಹಾದುಹೋಗಲಿದೆ. ನಮ್ಮ ಕಡೆ ಪಾರ್ಶ್ವ ಗ್ರಹಣವಾಗಿ ಕಾಣುತ್ತದೆ. ಅಷ್ಟರೊಳಗೆ ಇಂಥ ಒಂದು ಬಾಗಿಲು ತೆರೆದರೆ ಸಾಕು, ಆ ದಿನ ನಮ್ಮ ಮಕ್ಕಳು ಕನ್ನಡಕ ಹಿಡಿದು ಅಂಗಳದಲ್ಲಿರುತ್ತಾರೆ.